ಹಸಿರು ಅಂಗಿಯವರನ್ನು ಮೊದಲು ಹೊಡೆಯಬೇಕು

ಎರಡು ಊರಿಗೆ ಒಬ್ಬರೇ ಡಾಕ್ಟರು. ಪ್ರತಿ ಯುಗಾದಿಗೆ ಎರಡೂ ಊರಿನ ಐದೈದು ಜನ ಕಂಪ್ಯೂಟರಿನಲ್ಲಿ ಬಂದೂಕಿನ ಆಟ ಆಡುತ್ತಿದ್ದರು. ಗೆದ್ದ ಊರಿಗೆ ವರ್ಷವಿಡೀ ಡಾಕ್ಟರು. ಸೋತ ಊರಿನವರನ್ನು ಅವರು ಮುಟ್ಟುವಂತಿರಲಿಲ್ಲ.

ಈ ಸಲ ಚೀಟಿ ಎತ್ತಿದಾಗ ಬಟ್ಟೆ ಹೊಲಿಯುವ ಕಸ್ತೂರಿಯ ಹೆಸರು ಬಂತು. ಅವಳು ಮೌಸ್ ಹಿಡಿದವಳೇ ಅಲ್ಲ. ಹಳೆಯ ಆಟಗಾರ ಬಸಲಿಂಗ ಪಕ್ಕದಲ್ಲಿ ಕೂತು ಹೇಳಿಕೊಟ್ಟ.

"ಮಂದೀನ ಬಿಟ್ಟು ಮುಂದ ಓಡಬ್ಯಾಡ್ರಿ ಅಕ್ಕಾರ. ಗುಂಡು ತುಂಬೂವಾಗ ಗ್ವಾಡಿ ಮರಿಗೆ ಕುಂದರ್ರಿ. ಹಸಿರು ಅಂಗಿಯವರು ಬಿದ್ದೋರಿಗೆ ಔಷಧ ಹಾಕಿ ಎಬ್ಬಸ್ತಾರ, ಅವರನ್ನ ಮೊದಲ ಹೊಡೀರಿ. ಅವರು ಹೋದ್ರ ಆಟ ನಮ್ದ."

ಆಟದ ದಿನ ಎದುರು ತಂಡದ ಹಸಿರು ಅಂಗಿಯ ಮೇಲೆ 'ರೇಣವ್ವ' ಎಂಬ ಹೆಸರು ಕಂಡಿತು. ಆ ಊರಿಗೆ ಮದುವೆ ಮಾಡಿ ಕೊಟ್ಟ ಕಸ್ತೂರಿಯ ತಂಗಿ. ಅವಳ ಮಗನ ಹೃದಯದಲ್ಲಿ ತೂತಿತ್ತು. ಇಲ್ಲಿ ಅವ್ವ ಹಾಸಿಗೆ ಹಿಡಿದಿದ್ದಳು, ಗಂಜಿಯೂ ಇಳಿಯುತ್ತಿರಲಿಲ್ಲ.

ರೇಣವ್ವ ಬಿದ್ದವನೊಬ್ಬನನ್ನು ಎಬ್ಬಿಸಲು ಬಾಗಿದಳು. ಅವಳ ಬೆನ್ನು ಕಸ್ತೂರಿಯ ಕಡೆಗಿತ್ತು.

"ಹೊಡೀರಿ ಅಕ್ಕಾರ!" ಬಸಲಿಂಗ ಹಿಂದಿನಿಂದ ಕೂಗಿದ.

ಕಸ್ತೂರಿ ಅವ್ವನ ಮುಖ ನೆನೆದು ಒತ್ತಿದಳು. ಊರು ಗೆದ್ದಿತು. ಹೊರಗೆ ಪಟಾಕಿ ಹೊಡೆದರು.

ಶ್ರಾವಣದ ಹೊತ್ತಿಗೆ ಅವ್ವ ಎದ್ದು ಓಡಾಡಿದಳು. ಅದೇ ತಿಂಗಳು ರೇಣವ್ವನ ಮಗ ತೀರಿಕೊಂಡ.

ಮಣ್ಣಿಗೆಂದು ರೇಣವ್ವನ ಮನೆಗೆ ಹೋದ ಕಸ್ತೂರಿ ತಲೆ ಎತ್ತಲಾಗದೆ ಬಾಗಿಲಲ್ಲೇ ನಿಂತಳು. ರೇಣವ್ವ ತಾನೇ ಎದ್ದು ಬಂದು ಅಕ್ಕನ ಕೈ ಹಿಡಿದಳು.

"ಅವ್ವ ಈಗ ಉಣ್ಣಾಕತ್ತಾಳೇನಕ್ಕಾ?" ಎಂದಷ್ಟೇ ಕೇಳಿದಳು.