ತಕ್ಕಡಿಯ ಕುರ್ಚಿ

2024ರ ಮೇ 18, ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಕೆಲ್‌ಬರಿ ಪುರಭವನದ ಉಡುಪಿನ ಕೋಣೆಯ ಬಾಗಿಲು ಹಾಕಿಕೊಂಡು ಮೇಯರ್ ಹೆಸ್ಟರ್, ಆಂಬ್ರೋಸ್ ಟಲ್ಲಿಯ ಎದುರು ನಿಂತಳು. ಇನ್ನು ಇಪ್ಪತ್ತು ನಿಮಿಷಕ್ಕೆ ಅವಳನ್ನು ಚೌಕದಲ್ಲಿ, ಇಡೀ ಊರಿನೆದುರು, ಹಿತ್ತಾಳೆ ತಕ್ಕಡಿಯ ಕುರ್ಚಿಯಲ್ಲಿ ಕೂರಿಸಿ ತೂಗಬೇಕಾದವನು ಅವನೇ.

"ಟಲ್ಲಿ ಅವರೇ, ಇವತ್ತು ನೀವೊಂದು ಸುಳ್ಳು ಹೇಳ್ಬೇಕು. ಹೋದ ವರ್ಷದ ತೂಕಾನೇ ಕೂಗಿಸಿಬಿಡಿ. ನೂರ ಐವತ್ತಾರು ರಾತ್ತಲು."

"ಯಾಕೆ ಮೇಯರಮ್ಮ, ಹೋದಲ್ಲೆಲ್ಲ ಕೇಕು ಜಾಸ್ತಿ ಆಯ್ತಾ?"

ಹೆಸ್ಟರ್ ನಗಲಿಲ್ಲ. ಕೆಂಪು ನಿಲುವಂಗಿಯ ತೋಳನ್ನು ಮೇಲಕ್ಕೆ ಸರಿಸಿ ಮುಂಗೈ ತೋರಿಸಿದಳು. ಕೈಗಡಿಯಾರದ ಪಟ್ಟಿಗೆ ಮೂರು ಹೊಸ ತೂತು ಹಾಕಿಸಿದ್ದಳು. ಆದರೂ ಅದು ಮೊಣಕೈಯವರೆಗೆ ಜಾರುತ್ತಿತ್ತು. "ಡಾಕ್ಟರು ಹೇಳಿ ಆರು ವಾರ ಆಯ್ತು. ಇನ್ನು ಮಾಡೋದೇನೂ ಇಲ್ವಂತೆ. ಅಪ್ಪನಿಗೆ ಗೊತ್ತಿಲ್ಲ. ಅವರು ಎದುರು ಸಾಲಲ್ಲೇ ಕೂತಿರ್ತಾರೆ. ತೂಕ ಇಳಿದಿದೆ ಅಂತ ಊರೆಲ್ಲ ಚಪ್ಪಾಳೆ ತಟ್ತಿರೋವಾಗ ಅವರಿಗೆ ಇದು ಗೊತ್ತಾಗ್ಬಾರ್ದು. ನಾಳೆ ಮನೇಲಿ ನಾನೇ ಪಕ್ಕ ಕೂತು ಹೇಳ್ತೀನಿ. ಒಂದೇ ಒಂದು ದಿನ ಕೊಡಿ."

ಕೆಲ್‌ಬರಿಯಲ್ಲಿ ಮೇಯರನ್ನು ಅಧಿಕಾರ ಹಿಡಿದ ದಿನ ಒಮ್ಮೆ, ವರ್ಷ ಕಳೆದು ಬಿಡುವ ದಿನ ಒಮ್ಮೆ ತೂಗುತ್ತಾರೆ. ಹೆಚ್ಚಿದ್ದರೆ ಊರಿನ ಖರ್ಚಿನಲ್ಲಿ ತಿಂದು ಕೊಬ್ಬಿದರೆಂದು ಛೀಮಾರಿ. ಇಳಿದಿದ್ದರೆ ಊರಿಗಾಗಿ ದುಡಿದು ಸವೆದರೆಂದು ಚಪ್ಪಾಳೆ. ಈ ವರ್ಷ ಹೆಸ್ಟರ್ ಅದಕ್ಕೊಂದು ದೇಣಿಗೆಯ ಆಟವನ್ನೂ ಸೇರಿಸಿದ್ದಳು. ಒಂದು ಪೌಂಡ್ ಕೊಟ್ಟು ಚೀಟಿಯಲ್ಲಿ ಮೇಯರಮ್ಮನ ತೂಕ ಊಹಿಸಿ ಬರೆಯಬೇಕು; ಊಹೆ ತೀರಾ ಹತ್ತಿರವಾದವರಿಗೆ ಒಂದು ಇಡೀ ಹಂದಿತೊಡೆ. ದುಡ್ಡೆಲ್ಲ ಗುಣವಾಗದ ರೋಗಿಗಳ ಆರೈಕೆಮನೆಗೆ. ಅವಳ ತಮ್ಮ ಗೈಲ್ಸ್ ಕೊನೆಯುಸಿರೆಳೆದದ್ದು ಅಲ್ಲಿಯೇ.

ಟಲ್ಲಿ ನಲವತ್ತೊಂದು ವರ್ಷ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರಾಗಿದ್ದವನು. ತಟ್ಟೆಯ ತಳಕ್ಕೆ ಸೀಸ ಅಂಟಿಸಿದ ಕಟುಕರನ್ನು ಕೋರ್ಟಿಗೆ ಎಳೆದವನು. "ಮುಳ್ಳು ಏನು ಹೇಳುತ್ತೋ ಅದನ್ನೇ ನಾನು ಹೇಳೋದು ಮೇಯರಮ್ಮ. ಕ್ಷಮಿಸಿ."

"ಹೀಗೇ ಹೇಳ್ತೀರಿ ಅಂತ ಗೊತ್ತಿತ್ತು," ಎಂದು ಹೆಸ್ಟರ್ ಮೂಲೆಯಲ್ಲಿದ್ದ ಚೀಲದ ಕಡೆ ನೋಡಿದಳು. "ಆಗಲಿ. ಮುಳ್ಳು ಹೇಳಿದ್ದನ್ನೇ ಹೇಳಿ. ಈಗ ಸ್ವಲ್ಪ ಹೊರಗಿರಿ."

ಹನ್ನೊಂದೂವರೆಗೆ ಅವಳು ಮೆಟ್ಟಿಲಿಳಿದು ಬಂದಳು. ಒಂದೊಂದು ಮೆಟ್ಟಿಲಿಗೂ ನಿಂತು ಜನರತ್ತ ಕೈ ಬೀಸಿದಳು. ಅದು ಗತ್ತೆಂದು ಜನ ತಿಳಿದರು, ಸುಧಾರಿಸಿಕೊಳ್ಳುವುದೆಂದು ಟಲ್ಲಿ ತಿಳಿದ. ಅವಳು ಕುರ್ಚಿಯಲ್ಲಿ ಕೂತಾಗ ನಿಲುವಂಗಿಯೊಳಗಿಂದ ಹಿತ್ತಾಳೆಗೆ ಏನೋ ತಾಗಿ ಮಂದವಾದೊಂದು ಸದ್ದು. ಬೇರೆ ಯಾರಿಗೂ ಕೇಳಿಸಲಿಲ್ಲ. ಸೀಸದ ಸದ್ದು ಟಲ್ಲಿಗೆ ಹೊಸದಲ್ಲ. ಮುಳ್ಳು ಓಲಾಡಿ ನೂರ ಐವತ್ತೇಳರಲ್ಲಿ ನಿಂತಿತು.

ಗಂಟೆ ಬಾರಿಸಿ, ಊರಿನ ಡಂಗುರ ಸಾರುವವನು ಪದ್ಧತಿಯಂತೆ ಕೇಳಿದ: "ತೂಗುವವನೇ, ಊರಿನ ಮುಂದೆ ಹೇಳು. ಈ ತೂಕ ಸತ್ಯವೇ?"

ಎದುರು ಸಾಲಿನಲ್ಲಿ ಹೆಸ್ಟರಳ ಅಪ್ಪ ರೂಬೆನ್, ಮೊಣಕಾಲುಗಳ ನಡುವಿನ ಕೋಲಿನ ಮೇಲೆ ಗಲ್ಲವೂರಿ ಕೂತಿದ್ದರು. ಐವತ್ತು ವರ್ಷ ದನದ ಸಂತೆಯಲ್ಲಿ ಹರಾಜು ಕೂಗಿದವರು. ನಡೆದು ಬರುವ ಹೋರಿಯನ್ನು ಕಂಡೇ ತೂಕ ಹೇಳುತ್ತಿದ್ದವರು. ಅವರು ಮುಳ್ಳನ್ನು ನೋಡುತ್ತಿರಲಿಲ್ಲ. ಟಲ್ಲಿಯನ್ನು ನೋಡುತ್ತಿದ್ದರು.

"ಸತ್ಯ," ಎಂದ ಟಲ್ಲಿ.

"ನೂರ ಐವತ್ತೇಳು! ಒಂದು ರಾತ್ತಲು ಹೆಚ್ಚು!" ಎಂದು ಸಾರುವವನು ಸಾರಿದ. ಚೌಕದ ತುಂಬ ಕೂಗು, ಸಿಳ್ಳೆ. "ಊರಿನ ಕೇಕೆಲ್ಲ ಎಲ್ಲಿ ಹೋಯ್ತು ಅಂತ ಈಗ ಗೊತ್ತಾಯ್ತು!" ಎಂದು ಯಾರೋ ಅರಚಿದರು. ರೂಬೆನ್ ಕೋಲೆತ್ತಿ ಎಲ್ಲರಿಗಿಂತ ಜೋರಾಗಿ ಕೂಗಿದರು: "ಹೋಯ್ತಲ್ಲೋ ಟಲ್ಲಿ, ಹಂದಿತೊಡೆ! ನನ್ನ ಕಣ್ಣು ಕೆಟ್ಟೋಯ್ತು ಕಣೋ, ಮುದಿಯನಾದೆ!"

"ಮಗಳಿಗೆ ಛೀಮಾರಿ ಹಾಕೋಕೆ ನಾಚಿಕೆ ಆಗಲ್ವಾ ಅಪ್ಪ?" ಎಂದು ಹೆಸ್ಟರ್ ಕುರ್ಚಿಯಿಂದಲೇ ಕೂಗಿ ನಕ್ಕಳು.

ಅಪ್ಪ, ಮಗಳು ತೋಳು ಹಿಡಿದು ಮನೆಗೆ ಹೋದ ಮೇಲೆ ಟಲ್ಲಿ ಉಡುಪಿನ ಕೋಣೆಗೆ ಬಂದ. ನಿಲುವಂಗಿ ಮೊಳೆಗೆ ನೇತಾಡುತ್ತಿತ್ತು. ಮೂಲೆಯ ಚೀಲದಲ್ಲಿ, ಸಮುದ್ರದಡಿ ಈಜುವವರು ಮೇಲೆ ತೇಲದಂತೆ ಸೊಂಟಕ್ಕೆ ಕಟ್ಟುವ ಭಾರದ ಪಟ್ಟಿ; ಅದರ ಬಕಲಿನ ಮೇಲೆ ಗೈಲ್ಸನ ಹೆಸರು, ಉದ್ದಕ್ಕೂ ಹದಿನಾಲ್ಕು ಸೀಸದ ತುಂಡು. ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ತಕ್ಕಡಿಯ ಕುರ್ಚಿಯ ಮೇಲಿಟ್ಟ. ಇಪ್ಪತ್ತೆಂಟು ರಾತ್ತಲು. ನೂರ ಐವತ್ತೇಳರಿಂದ ಅದನ್ನು ಮನಸ್ಸಿನಲ್ಲೇ ಕಳೆದ, ಬರೆದುಕೊಳ್ಳಲಿಲ್ಲ.

ಆಮೇಲೆ ಗೆದ್ದವರು ಯಾರೆಂದು ನೋಡಲು ಚೀಟಿಗಳ ಡಬ್ಬಿ ತೆರೆದ. ನೂರ ಐವತ್ತು, ನೂರ ಅರವತ್ತು, ಯಾರೋ ಪೋಲಿ ಬರೆದ ಮುನ್ನೂರು. ನಡುವೆ ಎಲ್ಲೋ, ಗುರುವಾರದ ಮೊಹರಿದ್ದ ಚೀಟಿಯೊಂದರಲ್ಲಿ, ಮುದಿ ಕೈಯ ಓರೆ ಅಕ್ಷರ. ಕೆಳಗೆ ರೂಬೆನ್ ಎಂದು ಸಹಿ. ಮೇಲೆ ಬರೆದದ್ದು: ನೂರ ಇಪ್ಪತ್ತೊಂಬತ್ತು ರಾತ್ತಲು.