ವಿಳಾಸ ಬೇಕೋ, ನಕಲು ಬೇಕೋ

ಗಂಡನಿಂದ ಬೇರೆಯಾದ ದಿನ ಕೋರ್ಟಿನ ಗುಮಾಸ್ತ ಎಲ್ಲರನ್ನೂ ಕೇಳುವಂತೆ ಶಿವಲೀಲಾಳನ್ನೂ ಕೇಳಿದ್ದ: “ಮಗಳ ವಿಳಾಸ ಬೇಕೋ, ನಕಲು ಬೇಕೋ?” ವಿಳಾಸವೆಂದರೆ ಅಪ್ಪನ ಮನೆಯಲ್ಲಿರುವ ಮಗಳೊಡನೆ ಬರೀ ಮಾತು. ನಕಲಾದರೆ ಕೂತು ತಲೆ ಬಾಚಿಸಿಕೊಳ್ಳುವ ಹುಡುಗಿಯೇ ಮನೆಗೆ ಬರುತ್ತಾಳೆ. ಶಿವಲೀಲಾ ನಕಲನ್ನೇ ಕರೆತಂದಳು. ನಕಲಿನೊಡನೆ ಆಡಿದ ಮಾತೆಲ್ಲ ಅಸಲಿಗೂ ಮುಟ್ಟುತ್ತದೆಂದು ನಂಬಿದ್ದಳು. ಹೌದೇ ಎಂದು ಇವಳು ಕೇಳಲಿಲ್ಲ, ಆ ಗುಮಾಸ್ತ ಪುಣ್ಯಾತ್ಮ ಹೇಳಲೂ ಇಲ್ಲ.

ಆರು ವರ್ಷದ ಮೇಲೆ ಒಂದು ಮಧ್ಯಾಹ್ನ, ನಕಲಿಗೆ ಜಡೆ ಹೆಣೆಯುತ್ತಿದ್ದಾಗ ಯಾರೋ ಬಾಗಿಲು ಬಡಿದರು. ಹೊರಗೆ ಅದೇ ಮುಖ, ಆದರೆ ತಲೆಗೆ ಕ್ರಾಪು.

“ಆರು ವರ್ಷ ಒಂದ್ ಮಾತೂ ಆಡ್ಲಿಲ್ವಲ್ಲಮ್ಮ ನೀನು.”

“ದಿನಾ ಆಡ್ತಿದ್ನಲ್ಲೇ! ಮೊನ್ನೆ ನಿನ್ ಹುಟ್ಟಿದಹಬ್ಬಕ್ಕೆ ಹೋಳಿಗೆ ಮಾಡಿ ತಿನ್ಸಿದೆ…”

“ಯಾರಿಗೆ?”

ಶಿವಲೀಲಾ ಒಳಗೆ ತಿರುಗಿ ನೋಡಿದಳು.

“ಅದನ್ನ ವಾಪಸ್ ಕೊಟ್ಬಿಡಮ್ಮ. ನನ್ ವಿಳಾಸ ತಗೋ.”

ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. ವಾಪಸಾದ ನಕಲನ್ನು ಅಂದೇ ಅಳಿಸುತ್ತಾರೆ.

ಒಳಗಿಂದ, ಅರ್ಧ ಹೆಣೆದ ಜಡೆ ಹಿಡಿದುಕೊಂಡೇ ನಕಲು ಕೂಗಿದಳು: “ಯಾರಮ್ಮ ಅದು?”

“ಯಾರೋ, ಮನೆ ತಪ್ಪಿ ಬಂದಿದಾರೆ ಕಣೆ,” ಎಂದು ಶಿವಲೀಲಾ ಬಾಗಿಲು ಹಾಕಿಕೊಂಡಳು.