ದ್ಯಾವಯ್ಯನ ಮನೆಸ್ವರ

ಜುಬ್ಬದ ಜೇಬಿನಲ್ಲಿ ಹುಣಸೆಹಣ್ಣು ಇದೆಯೋ ಇಲ್ಲವೋ ಎಂದು ದ್ಯಾವಯ್ಯ ಮೂರನೆಯ ಸಲ ಮುಟ್ಟಿ ನೋಡಿಕೊಂಡ. ಇತ್ತು. ನಿಂಬೆಗಾತ್ರದ ಉಂಡೆ, ಹೊಸ ಹಣ್ಣು, ಹುಳಿ ಎಂದರೆ ಹುಳಿ.

"ಬ್ಯಾಡ ಕಣ್ ಮಾವ, ಪಾಪದ್ ಕೆಲ್ಸ," ಎಂದ ಡೋಲಿನ ನಾಗರಾಜು, ಅವನ ಸೋದರಳಿಯ.

"ಪಾಪ ಅತ್ಲಾಗಿರ್ಲಿ ಬುಡ್ಲಾ. ನಮ್ಮನೆ ಮಾನ ಓಯ್ತದಲ್ಲ, ಅದುಕ್ಕೇನ್ ಮಾಡೀಯೆ?"

ತೊಂಬತ್ತನಾಲ್ಕರ ವೈಶಾಖ. ಪಾಂಡವಪುರದ ಛತ್ರದಲ್ಲಿ ಶಿವಣ್ಣನವರ ಮಗಳು ರಮ್ಯಳ ಮದುವೆ. ದ್ಯಾವಯ್ಯ ವಾಲಗದ ಮನೆಯವನು. ಸುತ್ತಿನ ಹತ್ತೂರಿನಲ್ಲಿ ಯಾವ ಮದುವೆಯಾದರೂ ಸರಿ, ತಾಳಿ ಕಟ್ಟಿ ಗಟ್ಟಿಮೇಳ ನಿಂತ ಕೂಡಲೇ ಅವನ ಮನೆತನಕ್ಕೇ ಮೀಸಲಾದ ಮನೆಸ್ವರ ಏಳಬೇಕು. ಅದಿಲ್ಲದೆ ಮದುವೆ ಆಯಿತೆಂದು ಹೆಂಗಸರು ಒಪ್ಪುತ್ತಲೇ ಇರಲಿಲ್ಲ. ಡೋಲು ಮುಂದೆ, ವಾಲಗ ಅರೆಗುಟುಕಿನಷ್ಟು ತಡವಾಗಿ ಹಿಂದೆ. ಕುಂಟುತ್ತ ಕುಣಿಯುವ ವಿಚಿತ್ರ ನಡೆ. ಇದು ಯಾವ ರಾಗವಯ್ಯಾ ಎಂದು ಮೇಲುಕೋಟೆಯ ವಿದ್ವಾಂಸರೇ ತಲೆ ಕೆರೆದುಕೊಂಡಿದ್ದರು.

ಅವನ ಅಪ್ಪ ದಾಸಯ್ಯ ಮಹಾರಾಜರ ಕಾಲದಲ್ಲಿ ನಾಲ್ಕು ವರ್ಷ ಮೈಸೂರಿನಲ್ಲಿದ್ದು ಆ ಸ್ವರ ಹೊತ್ತು ತಂದವನು. ಯಾರು ಕಲಿಸಿದರು ಎಂದು ಕೇಳಿದರೆ ಸಾಯುವತನಕ ಒಂದೇ ಮಾತು: "ಕರ್ರಗವ್ನೆ, ನಗ್ನಗ್ತಾ ಅವ್ನೆ, ಚಿನ್ನದಂಗೆ ಒಳೆಯೋ ಕೊಳಲ್ ಇಡ್ಕಂಡವ್ನೆ. ಅವ್ನೇ ಕಲ್ಸುದ್ದು." ಇನ್ನೇನು ಬೇಕು? ಸಾಕ್ಷಾತ್ ಕೃಷ್ಣಪರಮಾತ್ಮನೇ ಕನಸಿಗೆ ಬಂದನೆಂದು ಊರು ಕೈಮುಗಿಯಿತು. ದಾಸಯ್ಯ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಜೊತೆಯಲ್ಲಿ ತಂದಿದ್ದ, ಗರಿ ಸಿಕ್ಕಿಸಿದ ಕರಿಯ ಟೋಪಿಯೊಂದನ್ನು ದೇವರ ಮನೆಯಲ್ಲಿಟ್ಟ. ಮಹಾರಾಜರ ಬಹುಮಾನವೇ ಇರಬೇಕೆಂದು ದ್ಯಾವಯ್ಯ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಆಯುಧಪೂಜೆಯಲ್ಲಿ ವಾಲಗದ ಪಕ್ಕ ಅದಕ್ಕೂ ಕುಂಕುಮ ಬೀಳುತ್ತಿತ್ತು.

ಅಂಥ ಮನೆತನಕ್ಕೆ ಈಗ ಕುತ್ತು. ಬೀಗರು ಬೆಂಗಳೂರಿನವರು, ಹೊಸ ಶೋಕಿ. ತಾಳಿ ಆದ ಕೂಡಲೇ ಜಾಜ್ ಬೇಕೆಂದು ಸ್ಯಾಕ್ಸೊಫೋನಿನವನೊಬ್ಬನನ್ನು ಕರೆತಂದಿದ್ದರು. ಹೆಸರು ಸೆಬಾಸ್ಟಿಯನ್, ಗೋವಾ ಮೂಲದವನು.

"ಇದೊಂದ್ಸಲ ಬುಟ್ಕೊಡು ದ್ಯಾವಯ್ಯ," ಎಂದಿದ್ದರು ಶಿವಣ್ಣ, ಮುಖ ತಪ್ಪಿಸಿ.

"ಒಂದ್ಸಲ ಬುಟ್ರೆ ಎಲ್ಲಾ ಸಲಾನೂ ಬುಟ್ಟಂಗೇ ಅಲ್ವ್ರಾ ಗೌಡ್ರೆ?"

ಅದಕ್ಕೇ ಹುಣಸೆಹಣ್ಣು. ಊದುವವನ ಎದುರು ಕೂತು ಹುಳಿ ಚಪ್ಪರಿಸಿದರೆ ಅವನ ಬಾಯಲ್ಲಿ ನೀರೂರಿ ಸ್ವರ ಕೆಡುತ್ತದೆ. ವಾಲಗದವರ ಕೇರಿಯಲ್ಲಿ ಮಕ್ಕಳಿಗೂ ಗೊತ್ತಿದ್ದ ಚೇಷ್ಟೆ.

ಮದುಮಗನನ್ನು ಎದುರುಗೊಳ್ಳುವ ಹೊತ್ತಿಗೆ ಸೆಬಾಸ್ಟಿಯನ್ ತನ್ನ ವಾದ್ಯದ ಪೆಟ್ಟಿಗೆ ತೆರೆದ. ಮುಚ್ಚಳದ ಒಳಬದಿಯಲ್ಲಿ ಏನನ್ನೋ ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಂಡ. ಇವನಿಗೂ ಭಯಭಕ್ತಿ ಇದೆಯಲ್ಲ ಎಂದು ದ್ಯಾವಯ್ಯನಿಗೆ ಒಂದು ಗಳಿಗೆ ಮನಸ್ಸು ಅಳ್ಳಾಡಿತು. ಆದರೂ ಮುಂದಿನ ಸಾಲಿನ ಕುರ್ಚಿ ಹಿಡಿದು, ಉಂಡೆ ಬಾಯಿಗಿಟ್ಟು, ಲೊಟ್ಟೆ ಹೊಡೆದು ಚಪ್ಪರಿಸಿದ.

ಎರಡೇ ನಿಮಿಷ. ಸ್ಯಾಕ್ಸೊಫೋನು ಕೀಚೆಂದಿತು, ಗೊರಗುಟ್ಟಿತು, ಬಾತುಕೋಳಿಯಂತೆ ಕೂಗಿತು.

ಗೆದ್ದೆ ಎಂದುಕೊಂಡ ದ್ಯಾವಯ್ಯ. ಅಷ್ಟರಲ್ಲಿ ಬೀಗರ ಕಡೆಯವರೆಲ್ಲ ಎದ್ದು ನಿಂತು ಚಪ್ಪಾಳೆ! "ಇದಪ್ಪಾ ಅಸಲಿ ಜಾಜ್!" ಒನ್ಸ್ ಮೋರ್ ಬೇರೆ. ಹುಳಿಯೆಲ್ಲ ದ್ಯಾವಯ್ಯನ ಮುಖಕ್ಕೇ ಬಂತು.

ಸೆಬಾಸ್ಟಿಯನ್ ಬಾಯಿ ಒರೆಸಿಕೊಳ್ಳುತ್ತ ಹತ್ತಿರ ಬಂದು, ಅಚ್ಚ ಮೈಸೂರು ಕನ್ನಡದಲ್ಲಿ ಕೇಳಿದ: "ಹಣ್ಣು ಚೆನ್ನಾಗಿತ್ತಾ ಯಜಮಾನ್ರೆ?"

"ಕನ್ನಡ ಬತ್ತದಾ ನಿಂಗೆ?"

"ಮೈಸೂರಲ್ಲೇ ಹುಟ್ಟಿದ್ದು. ಆದ್ರೂ ಅರವತ್ತು ವರ್ಷದಿಂದ ಎಲ್ರೂ ಯಾವೂರು ಅಂತಲೇ ಕೇಳ್ತಾರೆ."

"ಕೇಳ್ದೆ ಇನ್ನೇನು? ನಮ್ಮ ಸ್ವರ ನೋಡು, ಈ ಮಣ್ಣಲ್ಲೇ ಉಟ್ಟಿದ್ದು. ಒರಗಿನೋರ್ಗೆ ಏಳೇಳ್ ಜನ್ಮಕ್ಕೂ ಬರಾಕಿಲ್ಲ," ಎಂದು ದ್ಯಾವಯ್ಯ ಮುಖ ತಿರುಗಿಸಿದ.

ಮುಹೂರ್ತ ಬಂತು. ತಾಳಿ ಬಿತ್ತು. ಗಟ್ಟಿಮೇಳ ನಿಂತಿತು. ಸೆಬಾಸ್ಟಿಯನ್ ಉಸಿರೆಳೆದುಕೊಂಡ. ದ್ಯಾವಯ್ಯನಿಗೆ ತಡೆಯಲಾಗಲಿಲ್ಲ. ಯಾರು ಏನಾದರೂ ಅಂದುಕೊಳ್ಳಲಿ ಎಂದು ವಾಲಗ ತುಟಿಗಿಟ್ಟು ಮನೆಸ್ವರ ಎತ್ತಿಯೇ ಬಿಟ್ಟ. ಬೈದುಕೊಂಡೇ ನಾಗರಾಜು ಡೋಲು ಬಡಿದ. ಹೆಂಗಸರ ಮುಖ ಅರಳಿತು. "ಈಗ ಮದ್ವೆ ಆಯ್ತು ಕಣ್ರವ್ವ!" ಎಂದು ಶಿವಣ್ಣನವರ ತಾಯಿ ಪುಟ್ಟತಾಯಮ್ಮ ಅಕ್ಷತೆ ಎರಚಿದರು.

ಸೆಬಾಸ್ಟಿಯನ್ ಸ್ಯಾಕ್ಸೊಫೋನು ಇಳಿಸಿ ಕಂಬದಂತೆ ನಿಂತಿದ್ದ. ಆಮೇಲೆ ಕಣ್ಣುಮುಚ್ಚಿ ತಾನೂ ಸೇರಿಕೊಂಡ. ಅದೇ ಸ್ವರ, ಅದೇ ಅರೆಗುಟುಕು ಹಿಂದೆ. ಎಲ್ಲಿಯೂ ಒಂದು ಕೂದಲೆಳೆ ತಪ್ಪಲಿಲ್ಲ. ಛತ್ರಕ್ಕೆ ಛತ್ರವೇ ಕುಣಿಯಿತು. ಅಡುಗೆಯವರು ಸೌಟು ಹಿಡಿದೇ ಓಡಿಬಂದರು.

ದ್ಯಾವಯ್ಯನ ರಕ್ತ ಕುದಿಯಿತು. ಊದಿ ಮುಗಿಸಿದವನೇ ಹೋಗಿ ಕೊರಳಪಟ್ಟಿ ಹಿಡಿದ. "ಕಳ್ ನನ್ಮಗ್ನೆ! ನಮ್ಮಪ್ಪ ನಂಗ್ ಬುಟ್ಟು ಇನ್ಯಾರ್ಗೂ ಕಲ್ಸಿಲ್ಲ. ಎಲ್ಲಿ ಕದ್ದೆ, ಏಳು!"

ಸೆಬಾಸ್ಟಿಯನ್ನನ ಕಣ್ಣಲ್ಲಿ ನೀರು, ಮುಖದಲ್ಲಿ ನಗು. "ನಿಮ್ಮಪ್ಪನ ಹೆಸರು ದಾಸಯ್ಯ ಅಂತಲ್ವಾ? ನಮ್ಮಪ್ಪ ಸಾಯೋವರೆಗೂ ಅವರನ್ನ ನೆನೆಸ್ಕೊಂಡ್ರು." ಪೆಟ್ಟಿಗೆ ಎಳೆದು ಮುಚ್ಚಳ ಎತ್ತಿದ. ಒಳಗೆ ಅಂಟಿಸಿದ್ದ ಹಳೆಯ ಫೋಟೊದಲ್ಲಿ ಮೂವರಿದ್ದರು. "ಎಡಗಡೆ ನಮ್ಮಪ್ಪ. ಬಲಗಡೆ ನಿಮ್ಮಪ್ಪ. ಮಧ್ಯದವರು ಇಬ್ಬರಿಗೂ ಗುರುಗಳು, ಅಮೆರಿಕದಿಂದ ಬಂದಿದ್ದ ಜಾಜ್ ಮಾಸ್ತರು. ತಮ್ಮೂರು ನೆನಪಾದಾಗೆಲ್ಲ ಈ ಸ್ವರಾನೇ ಊದ್ತಿದ್ರಂತೆ."

ದ್ಯಾವಯ್ಯ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ. ಅಪ್ಪ ಒಂದಕ್ಷರವೂ ಸುಳ್ಳು ಹೇಳಿರಲಿಲ್ಲ: ಮಧ್ಯದವನು ಕರ್ರಗಿದ್ದ, ನಗುತ್ತಿದ್ದ, ಹೊಳೆಯುವ ಕೊಳಲು ಹಿಡಿದಿದ್ದ, ತಲೆಯ ಮೇಲೆ ದೇವರ ಮನೆಯ ಗರಿಯ ಟೋಪಿ.